ಮುರಿದ ಮೂಳೆ, ತೆರೆದ ಗಾಯ

ಕಬ್ಬು ಅರೆಯುವ ಕಾಲ ಬಂದಿತೆಂದರೆ ಮಂಡ್ಯ ಜಿಲ್ಲೆಯ ರಸ್ತೆಗಳ ರೂಪವೇ ಬದಲಾಗುತ್ತದೆ. ಆಲೆಮನೆಗಳಿಗೂ ಕಾರ್ಖಾನೆಗಳಿಗೂ ಕಬ್ಬು ಹೊತ್ತ ಎತ್ತಿನ ಗಾಡಿಗಳು, ಟ್ರಾಕ್ಟರುಗಳು, ಲಾರಿಗಳು ಸಾಲುಗಟ್ಟಿ ಸಾಗುತ್ತವೆ. ಅವುಗಳ ಪಕ್ಕದಲ್ಲಿಯೇ ಶಾಲೆ ಕಾಲೇಜುಗಳಿಗೆ ಹೋಗುವ ವಿದ್ಯಾರ್ಥಿಗಳ ಸೈಕಲ್ಲುಗಳೂ ಸ್ಕೂಟರುಗಳೂ ನುಸುಳುತ್ತಿರುತ್ತವೆ. ಮದ್ದೂರು, ಮಂಡ್ಯಗಳನ್ನು ಹಾದುಹೋಗುವ ಬೆಂಗಳೂರು-ಮೈಸೂರು ಹೆದ್ದಾರಿ ಒಂದು ಕಡೆ. ಮಳವಳ್ಳಿಯ ಮೂಲಕ ಕೊಳ್ಳೇಗಾಲಕ್ಕೆ ಹೋಗುವ ದಾರಿ ಇನ್ನೊಂದು ಕಡೆ. ವಿಸ್ತರಿಸಿದ ಹೊಸ ಹೆದ್ದಾರಿ ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ ೧ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರಾಕ್ಟರುಗಳನ್ನು ಅದರ ಮುಖ್ಯ ಪಥದಿಂದ ದೂರವಿರಿಸಬೇಕಾಯಿತು. ವೇಗವಾಗಿ ಹೋಗುವುದೂ ನಿಧಾನವಾಗಿ ಹೋಗುವುದೂ ಒಂದೇ ದಾರಿಯಲ್ಲಿ ಕೂಡಿದರೆ ಏನಾಗುವುದೆಂಬುದನ್ನು ಆ ಆಜ್ಞೆಯೇ ಹೇಳುತ್ತದೆ.

ಇಂತಹ ಅಪಘಾತಗಳಲ್ಲಿ ಆಗುವ ಪೆಟ್ಟುಗಳಲ್ಲಿ ವೈದ್ಯರು ವಿಶೇಷವಾಗಿ ಭಯಪಡುವ ಒಂದು ಬಗೆಯುಂಟು. ಮೂಳೆ ಮುರಿಯುವುದರ ಜೊತೆಗೆ ಅದರ ಮೇಲಿನ ಚರ್ಮವೂ ಮಾಂಸವೂ ಹರಿದು, ಮುರಿದ ಜಾಗಕ್ಕೂ ಹೊರಗಿನ ಗಾಳಿಗೂ ದಾರಿಯಾಗಿಬಿಡುವುದು. ಇದಕ್ಕೆ ತೆರೆದ ಮುರಿತ ಅಥವಾ ಸವ್ರಣ ಅಸ್ಥಿಭಂಗವೆಂದು ಹೆಸರು. ಮೂಳೆಯ ತುದಿ ಹೊರಕ್ಕೆ ಕಾಣಲೇಬೇಕೆಂದಿಲ್ಲ. ಮುರಿತದ ಮೇಲೆ ಅಕ್ಕಿಕಾಳಿನಷ್ಟು ರಂಧ್ರವಿದ್ದು ಅದರಿಂದ ರಕ್ತ ಒಸರುತ್ತಿದ್ದರೂ ಅದು ತೆರೆದ ಮುರಿತವೇ ಎಂದು ಭಾವಿಸಬೇಕು. ಮುಚ್ಚಿದ ಮುರಿತಕ್ಕೂ ಇದಕ್ಕೂ ಇರುವ ಅಂತರ ಕೇವಲ ಒಂದು ಗಾಯದ ಅಂತರವಲ್ಲ. ಕಾಲು ಉಳಿಯುವುದೋ ಹೋಗುವುದೋ, ರೈತನ ಮಗ ಮತ್ತೆ ಗದ್ದೆಗೆ ಇಳಿಯುವನೋ ಇಲ್ಲವೋ ಎಂಬ ಪ್ರಶ್ನೆ ಅನೇಕ ವೇಳೆ ಆ ಗಾಯದಲ್ಲಿಯೇ ಅಡಗಿರುತ್ತದೆ. ಅದು ಏಕೆ ಹೀಗೆ, ಅದಕ್ಕೆ ಚಿಕಿತ್ಸೆಯೇನು, ಗುಣವಾಗುವ ಬಗೆ ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೂಳೆ ಮುರಿಯುವ ಬಗೆ

ಮೂಳೆಯು ಒಣಗಿದ ಕಲ್ಲಿನಂತಹ ಪದಾರ್ಥವಲ್ಲ. ಮಣ್ಣಿನ ಗೋಡೆ ಕಟ್ಟುವಾಗ ಕೆಸರಿಗೆ ಹುಲ್ಲು ಬೆರೆಸುವುದನ್ನು ಹಳ್ಳಿಯವರು ಬಲ್ಲರು. ಮಣ್ಣು ಭಾರವನ್ನು ತಡೆಯುತ್ತದೆ. ಹುಲ್ಲು ಬಿರುಕನ್ನು ತಡೆಯುತ್ತದೆ. ಮೂಳೆಯಲ್ಲಿಯೂ ಹೀಗೆಯೇ. ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳಿಂದಾದ ಸೂಕ್ಷ್ಮ ಹರಳುಗಳು ಅದಕ್ಕೆ ಗಡಸುತನವನ್ನು ಕೊಡುತ್ತವೆ. ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳು ಬಾಗುವ ಗುಣವನ್ನು ಕೊಡುತ್ತವೆ. ಒತ್ತಿದರೆ ಮೂಳೆಯು ಬಹಳ ಬಲಶಾಲಿ, ಎಳೆದರೆ ಅಷ್ಟಿಲ್ಲ, ಅಡ್ಡಡ್ಡಲಾಗಿ ಜಾರಿಸಿದರೆ ಇನ್ನೂ ದುರ್ಬಲ. ಆದುದರಿಂದ ಬಾಗಿದ ಮೂಳೆಯಲ್ಲಿ ಬಿರುಕು ಮೊದಲು ಹುಟ್ಟುವುದು ಹಿಗ್ಗುವ ಮಗ್ಗುಲಲ್ಲಿ. ತರಗತಿಯಲ್ಲಿ ಒಂದು ಸೀಮೆಸುಣ್ಣದ ಕಡ್ಡಿಯನ್ನು ಎರಡು ಕೈಗಳಿಂದ ತಿರುಚಿ ಮುರಿಯಿರಿ. ಬಿರುಕು ನೇರವಾಗಿ ಹೋಗದೆ ಸುರುಳಿಯಾಗಿ ಸಾಗಿ ಚೂಪಾದ ತುದಿಗಳನ್ನು ಉಳಿಸುತ್ತದೆ. ಪಾದ ಸಿಕ್ಕಿಕೊಂಡು ದೇಹ ತಿರುಗಿದಾಗ ಕಾಲಿನ ಮೂಳೆ ಮುರಿಯುವುದೂ ಹೀಗೆಯೇ. ಆ ಚೂಪಾದ ತುದಿಯೇ ಒಳಗಿನಿಂದ ಚರ್ಮವನ್ನು ಚುಚ್ಚಿ ಹೊರಬರುವುದುಂಟು.

ಪೆಟ್ಟಿನ ಉಗ್ರತೆ ಎಷ್ಟೆಂಬುದನ್ನು ಚಲನಶಕ್ತಿಯ ಲೆಕ್ಕದಿಂದ ತಿಳಿಯಬಹುದು. ೬೦ ಕಿಲೋಗ್ರಾಂ ತೂಕದ ಯುವಕನೊಬ್ಬ ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಅವನ ದೇಹದ ಚಲನಶಕ್ತಿ ಸುಮಾರು ೫,೮೦೦ ಜೌಲ್. ಇದು ಸುಮಾರು ೧೦ ಮೀಟರ್ ಎತ್ತರದಿಂದ, ಎಂದರೆ ಮೂರು ಅಂತಸ್ತಿನ ಮನೆಯ ಮೇಲಿನಿಂದ, ಬಿದ್ದುದಕ್ಕೆ ಸಮ. ವೇಗ ೧೦೦ ಕಿಲೋಮೀಟರಾದರೆ ಶಕ್ತಿ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಈ ಶಕ್ತಿಯೆಲ್ಲವೂ ಒಂದು ಮೂಳೆಯನ್ನು ಸೇರುವುದಿಲ್ಲವೆಂಬುದು ನಿಜ. ಆದರೆ ಮೂಳೆಗೆ ಇನ್ನೊಂದು ಗುಣವಿದೆ: ಭಾರ ಎಷ್ಟು ಬೇಗ ಬೀಳುವುದೋ ಅಷ್ಟು ಹೆಚ್ಚು ಶಕ್ತಿಯನ್ನು ಅದು ಮುರಿಯುವ ಮೊದಲು ತನ್ನಲ್ಲಿ ಹಿಡಿದಿಡುತ್ತದೆ, ಮುರಿದ ಕ್ಷಣದಲ್ಲಿ ಅದನ್ನೆಲ್ಲ ಸುತ್ತಲಿನ ಮಾಂಸಕ್ಕೆ ಸುರಿಯುತ್ತದೆ. ಮೆಲ್ಲಗೆ ಎಡವಿ ಬಿದ್ದವನ ಮೂಳೆ ಎರಡು ತುಂಡಾದರೆ ಲಾರಿಯ ಪೆಟ್ಟು ತಿಂದವನ ಮೂಳೆ ಹತ್ತು ಚೂರಾಗುವುದು ಇದರಿಂದಲೇ. ಮೊಳಕಾಲಿನ ಕೆಳಗಿರುವ ಟಿಬಿಯ ಎಂಬ ದಪ್ಪ ಮೂಳೆಗೆ ಈ ಅಪಾಯ ಹೆಚ್ಚು. ಅದರ ಒಳಮಗ್ಗುಲನ್ನು ಬೆರಳಿನಿಂದ ಮುಟ್ಟಿ ನೋಡಿ. ಚರ್ಮದ ಕೆಳಗೆ ಮಾಂಸದ ಹೊದಿಕೆಯೇ ಇಲ್ಲ.

ಕೋಟೆಯ ಬಾಗಿಲು ತೆರೆದಾಗ

ಚರ್ಮವು ದೇಹದ ಕೋಟೆ. ಅದು ಹರಿದೊಡನೆ ಮೂರು ನಷ್ಟಗಳು ಒಟ್ಟಿಗೆ ಆಗುತ್ತವೆ. ಮೊದಲನೆಯದಾಗಿ, ರೋಗಾಣುಗಳು ಒಳಹೊಗುತ್ತವೆ. ಎರಡನೆಯದಾಗಿ, ಮುರಿದ ತುದಿಗಳ ಸುತ್ತ ಹೆಪ್ಪುಗಟ್ಟಿ ಹೊಸ ಮೂಳೆಗೆ ನೆಲೆಯಾಗಬೇಕಾಗಿದ್ದ ರಕ್ತ ಹೊರಕ್ಕೆ ಹರಿದುಹೋಗುತ್ತದೆ. ಮೂರನೆಯದಾಗಿ, ಮೂಳೆಯನ್ನು ಹೊದ್ದಿರುವ ತೆಳುವಾದ ಪೊರೆಯೂ ಸ್ನಾಯುಗಳೂ ಕಿತ್ತುಹೋಗಿ ಮೂಳೆಗೆ ರಕ್ತಪೂರೈಕೆ ತಪ್ಪುತ್ತದೆ. ರಕ್ತವಿಲ್ಲದ ಮೂಳೆಯ ಚೂರು ಸತ್ತ ಕಟ್ಟಿಗೆಯಂತೆ. ಅಲ್ಲಿಗೆ ಬಿಳಿಯ ರಕ್ತಕಣಗಳೂ ತಲಪಲಾರವು, ಔಷಧವೂ ತಲಪಲಾರದು. ರೋಗಾಣುಗಳು ಮಾತ್ರ ನೆಮ್ಮದಿಯಾಗಿ ಬೆಳೆಯುತ್ತವೆ. ಮೂಳೆಯೊಳಗೆ ಕೀವು ನೆಲೆಸಿದರೆ ವರ್ಷಗಟ್ಟಲೆ ಕಾಡುವುದುಂಟು.

ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೊಂದು ಮಾತನ್ನು ಸೇರಿಸಬೇಕು. ಇಲ್ಲಿ ಗಾಯಕ್ಕೆ ಅಂಟುವುದು ಬರಿಯ ರಸ್ತೆಯ ಧೂಳಲ್ಲ. ಗದ್ದೆಯ ಕೆಸರು, ನಾಲೆಯ ನೀರು, ಕೊಟ್ಟಿಗೆಯ ಗೊಬ್ಬರ. ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಧನುರ್ವಾಯುವಿನ ಮತ್ತು ಮಾಂಸ ಕೊಳೆಸುವ ಕೆಲವು ರೋಗಾಣುಗಳ ಬೀಜಕಣಗಳು ಇರುತ್ತವೆ. ಅವು ಬೆಳೆಯುವುದು ಆಮ್ಲಜನಕವಿಲ್ಲದ ಕಡೆ. ಸತ್ತ ಮಾಂಸದ ಒಳಗಿನ ಸಂದುಗಳು ಅವುಗಳಿಗೆ ಹೇಳಿ ಮಾಡಿಸಿದ ಮನೆ. ಅಮೆರಿಕದ ವೈದ್ಯರಾದ ಗುಸ್ಟಿಲೊ ಮತ್ತು ಆಂಡರ್‌ಸನ್‌ರು ೧೯೭೬ರಲ್ಲಿ ತೆರೆದ ಮುರಿತಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಗಾಯವು ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿ ಶುಭ್ರವಾಗಿದ್ದರೆ ಒಂದನೆಯ ವರ್ಗ; ಅದಕ್ಕಿಂತ ದೊಡ್ಡದಾಗಿದ್ದು ಮಾಂಸ ಹೆಚ್ಚು ಜಜ್ಜಿಲ್ಲದಿದ್ದರೆ ಎರಡನೆಯದು; ಮಾಂಸ ವಿಶೇಷವಾಗಿ ನಾಶವಾಗಿದ್ದರೆ ಮೂರನೆಯದು. ಒಂದನೆಯ ವರ್ಗದಲ್ಲಿ ಕೀವಾಗುವುದು ನೂರಕ್ಕೆ ಒಬ್ಬಿಬ್ಬರಿಗೆ. ಮೂರನೆಯದರಲ್ಲಿ ನೂರಕ್ಕೆ ಹತ್ತರಿಂದ ಐವತ್ತರವರೆಗೂ ಆಗಬಹುದು. ಹೊಲ ಕೊಟ್ಟಿಗೆಗಳ ಮಣ್ಣು ಬಿದ್ದ ಗಾಯವು ಎಷ್ಟೇ ಚಿಕ್ಕದಾಗಿದ್ದರೂ ಅದನ್ನು ಮೂರನೆಯ ವರ್ಗಕ್ಕೇ ಸೇರಿಸುವುದು ವಾಡಿಕೆ. ಮಂಡ್ಯದ ರೈತಮಕ್ಕಳು ನೆನಪಿಡಬೇಕಾದ ಸಂಗತಿಯಿದು.

ಹಿಂದಿನವರು ಮಾಡಿದುದೇನು?

ಈ ವ್ಯಾಧಿಯ ಕಷ್ಟವನ್ನು ಪ್ರಾಚೀನರೂ ಅರಿತಿದ್ದರು. ಸುಶ್ರುತಸಂಹಿತೆಯಲ್ಲಿ ಮೂಳೆಯ ಮುರಿತಗಳನ್ನು ಹನ್ನೆರಡು ಬಗೆಯಾಗಿ ಎಣಿಸಿದೆ. ಗಾಯ ಕೂಡಿದ ಮುರಿತಕ್ಕೆ ಬೇರೆಯೇ ಉಪಚಾರ ಹೇಳಿದೆ. ಕಾಲು ಮುರಿದವನನ್ನು ಅಲುಗದಂತೆ ಹಲಗೆಯ ಮೇಲೆ ಮಲಗಿಸಿ ಗೂಟಗಳಿಗೆ ಕಟ್ಟುವ ಕ್ರಮಕ್ಕೆ ಅಲ್ಲಿ ಕಪಾಟಶಯನವೆಂದು ಹೆಸರು. ಕಪಾಟವೆಂದರೆ ಬಾಗಿಲು.

ಇದೇ ಬಾಗಿಲು ಶತಮಾನಗಳ ಮೇಲೆ ಲಂಡನ್ನಿನಲ್ಲಿ ಕಾಣಿಸಿಕೊಂಡಿತು. ೧೭೫೬ರಲ್ಲಿ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯನು ಕುದುರೆಯ ಮೇಲಿನಿಂದ ಬಿದ್ದನು. ಕಾಲಿನ ಮೂಳೆ ಮುರಿದು ಚರ್ಮವನ್ನು ಭೇದಿಸಿತು. ಜನರು ತನ್ನನ್ನು ಎತ್ತಿ ಗಾಡಿಗೆ ಹಾಕಲು ಆತನು ಬಿಡಲಿಲ್ಲ. ಹತ್ತಿರದಲ್ಲಿ ಒಂದು ಬಾಗಿಲನ್ನು ಕೊಂಡು, ಅದಕ್ಕೆ ಕೋಲುಗಳನ್ನು ಹೊಡೆಸಿ, ಅದರ ಮೇಲೆ ಮಲಗಿ ಮನೆಗೆ ಹೊರಿಸಿಕೊಂಡು ಹೋದನು. ಆ ಕಾಲದಲ್ಲಿ ಇಂತಹ ಗಾಯಕ್ಕೆ ಕಾಲನ್ನು ಕತ್ತರಿಸುವುದೇ ಮದ್ದು. ಉಪಕರಣಗಳು ಸಿದ್ಧವಾಗಿದ್ದಾಗ ಆತನ ಹಿರಿಯ ಗುರು ನೂರ್ಸ್ ಬಂದು, ಕಾಲನ್ನು ಉಳಿಸಲು ಯತ್ನಿಸೋಣವೆಂದನು. ಕಾಲು ಉಳಿಯಿತು. ಮುರಿದ ಅಂಗವನ್ನು ಅಲುಗಿಸಬಾರದೆಂಬ ಪಾಟ್‌ನ ಹಟ ಅದಕ್ಕೆ ಬಹಳ ನೆರವಾಗಿರಬೇಕು.

ಆದರೆ ಪಾಟ್‌ನಂತಹ ಅದೃಷ್ಟವಂತರು ವಿರಳವಾಗಿದ್ದರು. ಈ ಸ್ಥಿತಿಯನ್ನು ಬದಲಾಯಿಸಿದವನು ಜೋಸೆಫ್ ಲಿಸ್ಟರ್. ಪದಾರ್ಥಗಳು ಕೊಳೆಯುವುದಕ್ಕೆ ಸೂಕ್ಷ್ಮಜೀವಿಗಳು ಕಾರಣವೆಂದು ಪಾಶ್ಚರ್ ತೋರಿಸಿದ್ದುದನ್ನು ಓದಿ, ಗಾಯ ಕೊಳೆಯುವುದೂ ಅದರಿಂದಲೇ ಇರಬೇಕೆಂದು ಆತನು ಊಹಿಸಿದನು. ೧೮೬೫ರ ಆಗಸ್ಟ್ ೧೨ರಂದು ಗ್ಲಾಸ್ಗೋ ನಗರದ ಆಸ್ಪತ್ರೆಗೆ ಹನ್ನೊಂದು ವರ್ಷದ ಜೇಮ್ಸ್ ಗ್ರೀನ್‌ಲೀಸ್ ಎಂಬ ಹುಡುಗನನ್ನು ತಂದರು. ಗಾಡಿಯ ಚಕ್ರ ಹರಿದು ಅವನ ಎಡಗಾಲು ಮುರಿದು ಗಾಯವಾಗಿತ್ತು. ಲಿಸ್ಟರನು ಗಾಯಕ್ಕೆ ಕಾರ್ಬಾಲಿಕ್ ಆಮ್ಲವನ್ನು ಹಚ್ಚಿ ಅದರಲ್ಲಿ ನೆನೆದ ಬಟ್ಟೆಯನ್ನು ಕಟ್ಟಿದನು. ಕೀವಾಗಲಿಲ್ಲ, ಆರು ವಾರಗಳಲ್ಲಿ ಮೂಳೆ ಕೂಡಿತು. ೧೮೬೭ರಲ್ಲಿ ಆತನು ಪ್ರಕಟಿಸಿದ ಹನ್ನೊಂದು ರೋಗಿಗಳ ವರದಿಯಲ್ಲಿ ಒಬ್ಬನು ತೀರಿಕೊಂಡಿದ್ದನು, ಒಬ್ಬನ ಕಾಲು ಹೋಗಿತ್ತು, ಒಂಬತ್ತು ಮಂದಿ ಅಂಗಸಹಿತ ಉಳಿದಿದ್ದರು. ಕಬ್ಬಿನ ಗಾಡಿಯ ನಾಡಿನವರಾದ ನಾವು ಆ ಹುಡುಗನ ಕಥೆಯನ್ನು ಮರೆಯುವಂತಿಲ್ಲ. ಶಸ್ತ್ರವೈದ್ಯದ ಹೊಸ ಯುಗವು ಒಂದು ಗಾಡಿಯ ಚಕ್ರದ ಗಾಯದಿಂದ ಆರಂಭವಾಯಿತು.

ಮೊದಲ ಒಂದು ಗಂಟೆ

ವೈದ್ಯರ ಕೆಲಸಕ್ಕೆ ಮುನ್ನ ದಾರಿಹೋಕರ ಕೆಲಸವಿದೆ. ದಾರಿಯಲ್ಲಿ ಹೋಗುವ ವಿದ್ಯಾರ್ಥಿಯೇ ಅದನ್ನು ಮಾಡಬೇಕಾಗಿ ಬರಬಹುದು. ಆದುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮೊದಲು ೧೦೮ಕ್ಕೆ ದೂರವಾಣಿ ಮಾಡಿರಿ. ಗಾಯಾಳು ಉಸಿರಾಡುತ್ತಿರುವನೇ, ರಕ್ತ ರಭಸವಾಗಿ ಹರಿಯುತ್ತಿದೆಯೇ ಎಂಬುದನ್ನು ನೋಡಿರಿ. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು, ಹೊರಚಾಚಿದ ಮೂಳೆಯ ಮೇಲೆ ಭಾರ ಬೀಳದಂತೆ, ರಕ್ತ ಬರುವ ಕಡೆ ಅಂಗೈಯಿಂದ ಒತ್ತಿ ಹಿಡಿಯಿರಿ. ಹೊರಬಂದ ಮೂಳೆಯನ್ನು ಒಳಕ್ಕೆ ತಳ್ಳಬಾರದು. ಅದರೊಡನೆ ಕೊಳೆಯೂ ಒಳಸೇರುತ್ತದೆ. ಗಾಯದ ಮೇಲೆ ಅರಿಸಿನ, ಕಾಫಿಪುಡಿ, ಬೂದಿ, ಸಗಣಿ, ಸೊಪ್ಪಿನ ರಸ ಯಾವುದನ್ನೂ ಹಾಕಬಾರದು. ಅವುಗಳನ್ನೆಲ್ಲ ಮತ್ತೆ ಕೆರೆದು ತೆಗೆಯುವುದಕ್ಕೆ ಬದುಕಿರುವ ಮಾಂಸವನ್ನೂ ಕಳೆಯಬೇಕಾದೀತು.

ಬಳಿಕ ಕಾಲು ಅಲುಗದಂತೆ ಮಾಡಬೇಕು. ಮರದ ಪಟ್ಟಿ, ಬಿದಿರ ಕೋಲು, ಛತ್ರಿ, ಏನೂ ಇಲ್ಲದಿದ್ದರೆ ಬಟ್ಟೆ ಸುತ್ತಿದ ಎರಡು ಕಬ್ಬಿನ ಜಲ್ಲೆಗಳಾದರೂ ಆದೀತು. ಮುರಿದ ಜಾಗದ ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಸೇರಿಸಿ ಸಡಿಲವಾಗಿ ಕಟ್ಟಿರಿ. ಅಲುಗದಿದ್ದರೆ ನೋವು ತಗ್ಗುತ್ತದೆ, ರಕ್ತಸ್ರಾವ ತಗ್ಗುತ್ತದೆ, ಚೂಪಾದ ತುದಿಗಳು ರಕ್ತನಾಳವನ್ನು ಕೊಯ್ಯುವ ಭಯವೂ ತಗ್ಗುತ್ತದೆ. ಕಾಲ್ಬೆರಳುಗಳು ಬೆಚ್ಚಗಿವೆಯೇ, ಬಣ್ಣ ಹೇಗಿದೆ ಎಂಬುದನ್ನು ನೋಡಿ ವೈದ್ಯರಿಗೆ ತಿಳಿಸಿರಿ. ಮತ್ತು ಬರುವ ಮದ್ದು ಕೊಡಬೇಕಾಗಬಹುದಾದುದರಿಂದ ತಿನ್ನಲು, ಕುಡಿಯಲು ಏನನ್ನೂ ಕೊಡಬೇಡಿ.

ನಾಟಿ ಕಟ್ಟಿನ ವಿಚಾರದಲ್ಲಿ ಸ್ಪಷ್ಟವಾಗಿ ಹೇಳಬೇಕು. ಹಳ್ಳಿಗಳಲ್ಲಿ ಪರಂಪರೆಯಿಂದ ಮೂಳೆ ಕಟ್ಟುವವರ ಮೇಲೆ ಜನರಿಗೆ ಗೌರವವುಂಟು. ಆದರೆ ಗಾಯ ತೆರೆದಿರುವಾಗ ಆ ದಾರಿ ಹಿಡಿಯತಕ್ಕದ್ದಲ್ಲ. ಗಾಯದ ಮೇಲೆ ಬಿಗಿಯಾಗಿ ಪಟ್ಟಿ ಕಟ್ಟಿದರೆ ಕೊಳೆ ಒಳಗೇ ಉಳಿಯುತ್ತದೆ; ಊತ ಏರಿದಂತೆ ರಕ್ತದ ಓಟ ನಿಂತು ಕಾಲೇ ಸಾಯಬಹುದು.

ಸಹಾಯ ಮಾಡಿದರೆ ಪೊಲೀಸಿನವರ ಕಾಟವಾದೀತೆಂಬ ಅಂಜಿಕೆ ಈಗ ಅನಾವಶ್ಯಕ. ಮೋಟಾರು ವಾಹನಗಳ ಕಾನೂನಿಗೆ ೨೦೧೯ರಲ್ಲಿ ಆದ ತಿದ್ದುಪಡಿಯು ಸದ್ಭಾವದಿಂದ ನೆರವಾದವನಿಗೆ ರಕ್ಷಣೆ ಕೊಟ್ಟಿದೆ. ತನ್ನ ಹೆಸರನ್ನು ಹೇಳಲೇಬೇಕೆಂಬ ನಿರ್ಬಂಧವೂ ಅವನಿಗಿಲ್ಲ. ಹಣದ ಚಿಂತೆಗೂ ೨೦೨೫ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಒಂದು ಯೋಜನೆಯನ್ನು ಪ್ರಕಟಿಸಿತು. ಅದರಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದಿಲ್ಲದೆ ಚಿಕಿತ್ಸೆ ದೊರೆಯಬೇಕು.

ಆಸ್ಪತ್ರೆಯಲ್ಲಿ ಮೊದಲು ನಡೆಯಬೇಕಾದುದು ರೋಗಾಣುನಾಶಕ ಔಷಧದ ಚುಚ್ಚುಮದ್ದು ಮತ್ತು ಧನುರ್ವಾಯುವಿನ ತಡೆಮದ್ದು. ರೋಗಾಣುನಾಶಕವನ್ನು ಸಾಧ್ಯವಾದರೆ ಒಂದು ಗಂಟೆಯೊಳಗೆ ಕೊಡಬೇಕೆಂಬುದು ಇಂದಿನ ವೈದ್ಯರ ಅಭಿಪ್ರಾಯ. ಮಳವಳ್ಳಿಯಿಂದ ಮಂಡ್ಯಕ್ಕೆ ಸುಮಾರು ೩೫ ಕಿಲೋಮೀಟರ್; ಮದ್ದೂರಿನಿಂದ ಸುಮಾರು ೨೦. ಕರೆಗೆ ವಾಹನ ಬರುವ ಕಾಲವನ್ನೂ ಸೇರಿಸಿದರೆ ಆ ಒಂದು ಗಂಟೆ ದಾರಿಯಲ್ಲಿಯೇ ಕಳೆದುಹೋಗುವುದು. ಆದುದರಿಂದ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಮೊದಲ ಚುಚ್ಚುಮದ್ದನ್ನು ಕೊಡಿಸಿ, ಪಟ್ಟಿ ಕಟ್ಟಿಸಿ, ಅನಂತರ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೋ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೋ ಹೋಗುವುದು ವಿವೇಕ.

ಶಸ್ತ್ರವೈದ್ಯರ ಕೆಲಸ

ಶಸ್ತ್ರವೈದ್ಯರು ಮೊದಲು ಮಾಡುವುದು ಮೂಳೆಯನ್ನು ಕೂಡಿಸುವುದಲ್ಲ, ಗಾಯವನ್ನು ಶುದ್ಧಿಮಾಡುವುದು. ೧೮೯೮ರಲ್ಲಿ ಜರ್ಮನಿಯ ಫ್ರೀಡ್ರಿಕ್ ಎಂಬುವನು ಗಿನಿಯಿಲಿಗಳ ಗಾಯದಲ್ಲಿ ತೋಟದ ಮಣ್ಣನ್ನೂ ಮೆಟ್ಟಿಲ ಧೂಳನ್ನೂ ಇಟ್ಟು ಪರೀಕ್ಷಿಸಿ, ಆರು ಗಂಟೆಗಳೊಳಗೆ ಆ ಭಾಗವನ್ನು ಕೊಯ್ದು ತೆಗೆದರೆ ಪ್ರಾಣಿ ಉಳಿಯುವುದೆಂದು ಕಂಡನು. ಬಹುಕಾಲ ಆರು ಗಂಟೆ ಎಂಬುದೇ ನಿಯಮವಾಗಿತ್ತು. ರೋಗಾಣುನಾಶಕಗಳು ಬಂದ ಮೇಲೆ ಆ ಗಡುವು ಸಡಿಲವಾಗಿ, ಅನುಭವಿ ವೈದ್ಯರ ಕೈಯಲ್ಲಿ ೨೪ ಗಂಟೆಗಳೊಳಗೆ ಆದರೆ ಸಾಕೆಂದಾಗಿದೆ. ಕೊಟ್ಟಿಗೆಯ ಕೊಳೆ ಬಿದ್ದ ಗಾಯಕ್ಕೂ ರಕ್ತನಾಳ ಹರಿದ ಗಾಯಕ್ಕೂ ಮಾತ್ರ ಈ ರಿಯಾಯಿತಿ ಇಲ್ಲ.

ಯಾವ ಮಾಂಸ ಬದುಕಿದೆ, ಯಾವುದು ಸತ್ತಿದೆ ಎಂಬುದನ್ನು ತಿಳಿಯಲು ವೈದ್ಯರು ನಾಲ್ಕು ಗುರುತುಗಳನ್ನು ನೋಡುತ್ತಾರೆ: ಬಣ್ಣ ಕೆಂಪಾಗಿದೆಯೇ, ಮುಟ್ಟಿದರೆ ಬಿಗಿಯಾಗಿದೆಯೇ, ಚಿವುಟಿದರೆ ಸಂಕೋಚಿಸುವುದೇ, ಕೊಯ್ದರೆ ರಕ್ತ ಒಸರುವುದೇ. ಸತ್ತುದನ್ನೆಲ್ಲ ತೆಗೆದು, ಮಾಂಸದ ಹಿಡಿತವಿಲ್ಲದ ಮೂಳೆಯ ಚೂರುಗಳನ್ನೂ ಸಾಮಾನ್ಯವಾಗಿ ತೆಗೆದು, ಹಲವು ಲೀಟರುಗಳಷ್ಟು ಉಪ್ಪುನೀರಿನಿಂದ ತೊಳೆಯುತ್ತಾರೆ. ನೀರನ್ನು ರಭಸವಾಗಿ ಚಿಮ್ಮಿಸಿದರೆ ಕೊಳೆ ಚೆನ್ನಾಗಿ ಹೋಗುವುದೆಂದು ಯಾರಿಗಾದರೂ ತೋರುವುದು ಸಹಜ. ೨೦೧೫ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ಭಾರತವೂ ಸೇರಿದಂತೆ ಐದು ದೇಶಗಳ ೨,೪೪೭ ರೋಗಿಗಳಲ್ಲಿ ಇದನ್ನು ನೋಡಿದರು. ಹೆಚ್ಚಿನ ಒತ್ತಡದಿಂದ ಯಾವ ಲಾಭವೂ ಕಾಣಲಿಲ್ಲ; ಸಾಬೂನು ಬೆರೆಸಿದಾಗ ಫಲ ಇನ್ನೂ ಕೆಟ್ಟಿತು. ಮೇಲಿನಿಂದ ತಾನಾಗಿ ಇಳಿಯುವ ಬರಿಯ ಉಪ್ಪುನೀರೇ ಸಾಕಾಯಿತು. ದುಬಾರಿಯ ಯಂತ್ರವಿಲ್ಲದ ಆಸ್ಪತ್ರೆಗಳಿಗೆ ಇದು ಶುಭವಾರ್ತೆ. ತರ್ಕಕ್ಕೆ ತೋರಿದುದೆಲ್ಲವನ್ನೂ ಪ್ರಯೋಗದ ಒರೆಗಲ್ಲಿಗೆ ತಿಕ್ಕಬೇಕೆಂಬ ಪಾಠವೂ ಇದರಲ್ಲಿದೆ.

ಶುದ್ಧಿಯಾದ ಮೇಲೆ ಮೂಳೆಯನ್ನು ಸ್ಥಿರಗೊಳಿಸಬೇಕು. ಗಾಯ ಚಿಕ್ಕದಾಗಿದ್ದರೆ ಮೂಳೆಯ ಪೊಳ್ಳಿನೊಳಗೆ ಲೋಹದ ಸರಳನ್ನು ತೂರಿಸುವುದುಂಟು. ಕೊಳೆ ಹೆಚ್ಚಾಗಿದ್ದರೆ ಗಾಯದಿಂದ ದೂರದಲ್ಲಿ ಮೂಳೆಗೆ ಮೊಳೆಗಳನ್ನು ಹೊಗಿಸಿ ಅವನ್ನು ಹೊರಗಡೆ ಸರಳುಗಳಿಗೆ ಬಿಗಿಯುತ್ತಾರೆ. ಗಾಯವು ಬಯಲಾಗಿಯೇ ಇರುವುದರಿಂದ ದಿನವೂ ನೋಡಬಹುದು, ಮತ್ತೆ ಶುದ್ಧಿಮಾಡಬಹುದು. ಮೂಳೆಯ ಮೇಲೆ ಚರ್ಮವೇ ಉಳಿಯದಿದ್ದರೆ ಬೇರೆಡೆಯ ಮಾಂಸವನ್ನೂ ಚರ್ಮವನ್ನೂ ತಂದು ಕೆಲವು ದಿನಗಳೊಳಗೆ ಹೊದಿಸಬೇಕು. ಗಾಯವನ್ನು ಕೂಡಲೇ ಹೊಲಿಯಲಿಲ್ಲವೆಂದು ಬಂಧುಗಳು ವೈದ್ಯರನ್ನು ದೂರುವುದುಂಟು. ಕೊಳೆಯ ಮೇಲೆ ಹೊಲಿಗೆ ಹಾಕುವುದು ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದಂತೆಯೇ ಸರಿ.

ಮೂಳೆ ಕೂಡುವ ಸೋಜಿಗ

ಲೋಹದ ಸರಳು ಮೂಳೆಯನ್ನು ಕೂಡಿಸುವುದಿಲ್ಲ, ಹಿಡಿದಿರುತ್ತದೆ ಅಷ್ಟೆ. ಕೂಡಿಸುವುದು ದೇಹ. ಮೊದಲು ಹೆಪ್ಪುಗಟ್ಟಿದ ರಕ್ತ, ಆಮೇಲೆ ಮೆತ್ತನೆಯ ನಾರು ಮತ್ತು ಮೃದ್ವಸ್ಥಿ, ಆಮೇಲೆ ಗಟ್ಟಿಯಾದ ಮೂಳೆ, ಹೀಗೆ ಒಂದರ ಬದಲು ಒಂದು ಬರುತ್ತವೆ. ಈ ಕ್ರಮವೇಕೆ? ಎರಡು ತುದಿಗಳ ನಡುವಿನ ಅಂತರ ಒಂದು ಮಿಲಿಮೀಟರಿದ್ದು, ಅವು ಅರ್ಧ ಮಿಲಿಮೀಟರ್ ಅಲುಗಿದರೆ ನಡುವಿನ ಪದಾರ್ಥವು ನೂರಕ್ಕೆ ಐವತ್ತರಷ್ಟು ಹಿಗ್ಗಬೇಕಾಗುತ್ತದೆ. ಮೆತ್ತನೆಯ ನಾರು ಇದನ್ನು ತಾಳುತ್ತದೆ. ಮೃದ್ವಸ್ಥಿಯು ನೂರಕ್ಕೆ ಹತ್ತರವರೆಗೆ ಮಾತ್ರ, ಮೂಳೆಯು ನೂರಕ್ಕೆ ಎರಡರವರೆಗೆ ಮಾತ್ರ ತಾಳಬಲ್ಲುದು. ಆದುದರಿಂದ ಒಂದೊಂದು ಪದಾರ್ಥವೂ ಮುರಿತವನ್ನು ಅಷ್ಟಷ್ಟು ಬಿಗಿಮಾಡಿ ಮುಂದಿನದಕ್ಕೆ ಎಡೆಮಾಡಿಕೊಡುತ್ತದೆ. ಕೂಡಿದ ಮೂಳೆಯ ಸುತ್ತ ಗಂಟು ಕಾಣುವುದೂ ನಿಷ್ಕಾರಣವಲ್ಲ. ಕೊಳವೆಯು ಬಾಗದಿರುವ ಸಾಮರ್ಥ್ಯವು ಅದರ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ; ಒಳ ಹೊರ ಅಳತೆಗಳು ಎರಡರಷ್ಟಾದರೆ ಬಿಗಿತ ಹದಿನಾರರಷ್ಟು. ಮೆತ್ತನೆಯ ಪದಾರ್ಥದಿಂದಲೇ ಬಿಗಿಯಾದ ಜೋಡಣೆ ಮಾಡಲು ದೇಹವು ಕಂಡುಕೊಂಡ ಉಪಾಯವಿದು.

ಮೂಳೆಯ ಒಂದು ಭಾಗವೇ ಕಳೆದುಹೋದಾಗಲೂ ದಾರಿಯುಂಟು. ಸೈಬೀರಿಯದ ಕುರ್ಗಾನ್ ನಗರದ ವೈದ್ಯ ಇಲಿಜಾರೋವ್ ೧೯೫೧ರ ಸುಮಾರಿಗೆ ಉಂಗುರಗಳೂ ತಂತಿಗಳೂ ಕೂಡಿದ ಒಂದು ಸಲಕರಣೆಯನ್ನು ರಚಿಸಿದನು. ಕೊಯ್ದ ಮೂಳೆಯ ತುದಿಗಳನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ, ಅದನ್ನೂ ನಾಲ್ಕು ಕಂತುಗಳಲ್ಲಿ, ಎಳೆಯುತ್ತ ಬಂದರೆ ಆ ಸಂದಿನಲ್ಲಿ ಹೊಸ ಮೂಳೆ ಹುಟ್ಟುತ್ತದೆ. ಐದು ಸೆಂಟಿಮೀಟರಿಗೆ ಐವತ್ತು ದಿನಗಳ ಎಳೆತ. ಅದು ಗಟ್ಟಿಯಾಗಲು ಇನ್ನೂ ಹಲವು ತಿಂಗಳು.

ಎದ್ದು ನಡೆಯುವವರೆಗೆ

ಲಿಸ್ಟರನ ಹುಡುಗನಿಗೆ ಆರು ವಾರ ಸಾಕಾಯಿತು. ಮಕ್ಕಳ ಮೂಳೆ ಬೇಗ ಕೂಡುತ್ತದೆ. ಬೆಳೆದವರ ಟಿಬಿಯ ಮುಚ್ಚಿದ ಮುರಿತವಾದರೂ ಮೂರು ನಾಲ್ಕು ತಿಂಗಳು ಬೇಡುವುದು. ತೆರೆದ ಮುರಿತಕ್ಕೆ ಆರು ತಿಂಗಳು, ತೀವ್ರವಾದುದಕ್ಕೆ ವರ್ಷವೂ ಹಿಡಿಯಬಹುದು. ಈ ಕಾಲದಲ್ಲಿ ತಾಳ್ಮೆಯೂ ಒಂದು ಔಷಧವೇ.

ಆದರೆ ತಾಳ್ಮೆಯೆಂದರೆ ಹಾಸಿಗೆಯಲ್ಲಿ ಮಲಗಿರುವುದಲ್ಲ. ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಮೂಳೆಯು ತನ್ನನ್ನು ಕಟ್ಟಿಕೊಳ್ಳುವುದೆಂದು ಜರ್ಮನಿಯ ವುಲ್ಫ್ ಎಂಬುವನು ೧೮೯೨ರಲ್ಲಿಯೇ ಹೇಳಿದನು. ೧೯೫೭ರಲ್ಲಿ ಜಪಾನಿನ ಫುಕಾಡ ಮತ್ತು ಯಸುದರು ಮೂಳೆಯನ್ನು ಒತ್ತಿದರೆ ಅದರಲ್ಲಿ ವಿದ್ಯುದಾವೇಶ ಹುಟ್ಟುವುದನ್ನು ತೋರಿಸಿದರು. ಮೂಳೆಯ ಸಂದುಗಳಲ್ಲಿ ಹರಿಯುವ ದ್ರವದ ಚಲನೆಯನ್ನು ಅಲ್ಲಿನ ಜೀವಕೋಶಗಳು ಅರಿಯುತ್ತವೆಂಬುದು ಇಂದು ಹೆಚ್ಚು ಮಾನ್ಯವಾದ ವಿವರಣೆ. ಏನೇ ಇರಲಿ, ವೈದ್ಯರು ಅಪ್ಪಣೆ ಕೊಟ್ಟ ಮೇಲೆ, ಅವರು ಹೇಳಿದಷ್ಟೇ ಭಾರವನ್ನು ಊರುಗೋಲಿನ ನೆರವಿನಿಂದ ಕಾಲಿನ ಮೇಲೆ ಹಾಕುವುದು ಚಿಕಿತ್ಸೆಯ ಭಾಗವೇ. ಮೊಳಕಾಲು, ಪಾದಗಳ ಕೀಲುಗಳನ್ನು ಆಡಿಸದಿದ್ದರೆ ಮೂಳೆ ಕೂಡಿದರೂ ಕಾಲು ಬಗ್ಗದು.

ಆಹಾರದಲ್ಲಿ ಕಠಿನ ಪಥ್ಯ ಬೇಕಿಲ್ಲ. ಅದು ಹಾನಿಕರವೂ ಹೌದು. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಹುರುಳಿಯ ಅಥವಾ ಅವರೆಯ ಸಾರು, ಹಾಲು, ಒಗ್ಗುವವರಿಗೆ ಮೊಟ್ಟೆ ಮಾಂಸ, ಇವೇ ಸಾಕು. ಬೀಡಿ ಸಿಗರೇಟುಗಳನ್ನು ಮಾತ್ರ ಬಿಡಲೇಬೇಕು. ಕಾಲಿನ ತೀವ್ರ ಗಾಯಗಳನ್ನು ಕುರಿತ ಅಮೆರಿಕದ ಒಂದು ಅಧ್ಯಯನದಲ್ಲಿ ಧೂಮಪಾನಿಗಳಿಗೆ ಕೀವಾಗುವ ಸಂಭವ ಇತರರ ಎರಡು ಪಟ್ಟಿಗೂ ಮಿಗಿಲೆಂದು ಕಂಡಿತು. ಮನೆಗೆ ಬಂದ ಮೇಲೆ ಜ್ವರ, ಹೆಚ್ಚುತ್ತಿರುವ ನೋವು, ಗಾಯದಲ್ಲಿ ನೀರು ಅಥವಾ ಕೀವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪಾಟ್‌ನ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ವಿಜ್ಞಾನವು ಬಹುದೂರ ನಡೆದಿದೆ. ಕತ್ತರಿಸಬೇಕಾಗಿದ್ದ ಎಷ್ಟೋ ಕಾಲುಗಳು ಇಂದು ಮತ್ತೆ ಗದ್ದೆಯ ಬದುವಿನ ಮೇಲೆ ನಡೆಯುತ್ತಿವೆ. ಆದರೆ ಆ ವಿಜ್ಞಾನವೆಲ್ಲವೂ ಆಸ್ಪತ್ರೆಯ ಬಾಗಿಲಿನಿಂದ ಒಳಗೆ. ಬಾಗಿಲಿನವರೆಗೆ ಗಾಯವನ್ನು ಶುಚಿಯಾಗಿ, ಅಲುಗದಂತೆ, ಬೇಗನೆ ತಲಪಿಸುವ ಹೊಣೆ ದಾರಿಯಲ್ಲಿ ನಿಂತ ನಮ್ಮದು.